ಜರಿಗಿಡಗಳ ಜೀವನಕ್ರಮ: ನಮ್ಮ ಸೀಮೆಯ ರೈತರು ಅರಿಯತಕ್ಕ ಸಂಗತಿಗಳು

ಕಳೆದ ಮಾಗಿಯಲ್ಲಿ ಆಳಂದ ತಾಲೂಕಿನ ಒಂದು ಗ್ರಾಮದ ಹಿರಿಯ ಗೌಡರು ನನ್ನನ್ನು ತಮ್ಮ ಪಡಸಾಲೆಗೆ ಕರೆಯಿಸಿಕೊಂಡರು. ಅವರು ಆಗತಾನೇ ಬಾಬಾಬುಡನ್ ಗಿರಿಯ ಯಾತ್ರೆಯಿಂದ ಹಿಂತಿರುಗಿದ್ದರು. ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿದ್ದ ಎರಡು ದೊಡ್ಡ ಎಲೆಗಳನ್ನೂ, ಕಿರುಬೆರಳಿನ ಗಾತ್ರದ ಒಂದು ಕಪ್ಪನೆಯ ಬೇರಿನಂಥ ತುಂಡನ್ನೂ ನನ್ನ ಮುಂದೆ ಇಟ್ಟು ಹೀಗೆ ಕೇಳಿದರು: “ಸಾಹೇಬ್ರ, ಆ ಗುಡ್ಡದಾಗ ಎಲ್ಲಿ ನೋಡಿದ್ರೂ ಇದೇ ಅದ. ಬೆಂಕಿ ಬಿದ್ದ ಜಾಗದಾಗೂ ಹಸಿರಾಗಿ ಎದ್ದದ. ನಮ್ಮ ಬದುವಿನ ಮ್ಯಾಲ ಹಚ್ಚಿದ್ರ ಮಣ್ಣು ಹಿಡೀತದೇನು? ಬ್ಯಾಸಿಗ್ಯಾಗ ದನಕ್ಕ ಹಾಕಬಹುದೇನ್ರಿ?”

ಮಳೆಗಾಲಕ್ಕೊಮ್ಮೆ ಎರೆಮಣ್ಣಿನ ಬದುಗಳು ಕೊಚ್ಚಿಹೋಗುವದನ್ನೂ, ಬೇಸಿಗೆಯಲ್ಲಿ ಕಣಿಕೆಯ ಬಣಿವೆ ಬರಿದಾಗುವದನ್ನೂ ಕಂಡವರಿಗೆ ಈ ಪ್ರಶ್ನೆಯ ಹಿಂದಿನ ಕಳವಳವು ತಿಳಿಯದೆ ಇರದು. ಗೌಡರಿಗೆ ಅಂದು ನಾನು ಹೇಳಿದ ಉತ್ತರವು ಎರಡೇ ಮಾತಿನದು: “ಹಚ್ಚಬೇಡಿರಿ, ಹಾಕಬೇಡಿರಿ.” ಆದರೆ ಕಾರಣವಿಲ್ಲದ ನಿಷೇಧವು ಯಾರ ಮನಸ್ಸಿಗೂ ಹಿಡಿಯುವದಿಲ್ಲ. ಆ ಕಾರಣಗಳನ್ನು ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ವಾಚಕರಿಗೂ ತಿಳಿಯುವಂತೆ ವಿಸ್ತಾರವಾಗಿ ಹೇಳುವ ಉದ್ದೇಶದಿಂದ ಈ ಲೇಖನವನ್ನು ಬರೆದಿರುವೆನು.

ಹೂವಿಲ್ಲದ ಕುಲ

ಗೌಡರು ತಂದ ಗಿಡವು ಜರಿಗಿಡಗಳ ಜಾತಿಗೆ ಸೇರಿದುದು. ಇಂಗ್ಲಿಷಿನಲ್ಲಿ ಇದನ್ನು ಬ್ರೇಕನ್ ಎಂದೂ, ಸಸ್ಯಶಾಸ್ತ್ರದಲ್ಲಿ ಇದರ ಕುಲವನ್ನು ಟೆರಿಡಿಯಮ್ ಎಂದೂ ಕರೆಯುವರು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಶಾಸ್ತ್ರೀಯವಾದ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ರೆಕ್ಕೆಗೆ ‘ಟೆರಾನ್’ ಎನ್ನುವರು. ಹಕ್ಕಿಯ ರೆಕ್ಕೆಯಂತೆ ಹರಡಿದ ಎಲೆಯಿಂದ ಈ ಹೆಸರು ಬಂದಿದೆ. ಅತಿ ಶೀತದ ಧ್ರುವಪ್ರದೇಶ ಹಾಗೂ ಮರಳುಗಾಡುಗಳನ್ನು ಬಿಟ್ಟರೆ ಭೂಮಂಡಲದ ಬಹುತೇಕ ಎಲ್ಲ ಖಂಡಗಳಲ್ಲಿಯೂ ಈ ಕುಲವು ಹಬ್ಬಿಕೊಂಡಿದೆ. ನಮ್ಮ ರಾಜ್ಯದಲ್ಲಿ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳ ಅಂಚಿನಲ್ಲಿಯೂ, ಕಾಡು ಕಡಿದ ಬಯಲುಗಳಲ್ಲಿಯೂ ಇದು ಕಾಣುವದು.

ತೊಗರಿ, ಜೋಳ, ಕಡಲೆ ಮೊದಲಾದ ನಮ್ಮ ಪೈರುಗಳೆಲ್ಲವೂ ಹೂ ಬಿಟ್ಟು ಬೀಜ ಕಟ್ಟುವವು. ಜರಿಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಹಾಗಾದರೆ ಅದರ ಸಂತಾನವು ಬೆಳೆಯುವ ಬಗೆ ಹೇಗೆ? ಬಲಿತ ಎಲೆಯ ಅಡಿಭಾಗವನ್ನು ತಿರುವಿ ನೋಡಿದರೆ ಅಂಚಿನುದ್ದಕ್ಕೂ ಕಂದುಬಣ್ಣದ ಒಂದು ಗೆರೆ ಕಾಣುವದು. ಎಲೆಯ ಅಂಚು ಒಳಕ್ಕೆ ಮಡಿಚಿಕೊಂಡು, ಸೆರಗಿನಲ್ಲಿ ಕಾಳು ಕಟ್ಟಿಕೊಂಡಂತೆ, ಆ ಗೆರೆಯನ್ನು ಮುಚ್ಚಿಕೊಂಡಿರುವದು. ಅಲ್ಲಿರುವ ಸಣ್ಣ ಚೀಲಗಳು ಒಣಗಿ ಸಿಡಿದಾಗ ಹಿಟ್ಟಿಗಿಂತಲೂ ನುಣುಪಾದ ಧೂಳು ಹೊರಬೀಳುವದು. ಈ ಧೂಳಿನ ಒಂದೊಂದು ಕಣವೂ ಒಂದು ಬೀಜಕವು. ಒಂದೇ ಎಲೆಯಿಂದ ಕೋಟಿಗಟ್ಟಲೆ ಬೀಜಕಗಳು ಗಾಳಿಗೆ ತೂರಿಹೋಗುವವು.

ಈ ಬೀಜಕವು ತೇವದ ನೆಲದಲ್ಲಿ ಬಿದ್ದು ಮೊಳೆತರೂ ಅದರಿಂದ ನೇರವಾಗಿ ಜರಿಗಿಡವು ಹುಟ್ಟುವದಿಲ್ಲ. ಉಗುರಿಗಿಂತಲೂ ಚಿಕ್ಕದಾದ, ಹೃದಯದ ಆಕಾರದ, ತೆಳುವಾದ ಒಂದು ಹಸಿರು ಹಾಳೆ ಹುಟ್ಟುವದು. ಇದು ಬೇರೆಯೇ ಒಂದು ತಲೆಮಾರು. ಇದರ ಅಡಿಭಾಗದಲ್ಲಿ ಗಂಡು ಮತ್ತು ಹೆಣ್ಣು ಅಂಗಗಳಿರುವವು. ಗಂಡು ಕಣಗಳು ನೀರಿನಲ್ಲಿ ಈಜಿಕೊಂಡು ಹೆಣ್ಣು ಕಣವನ್ನು ಸೇರಬೇಕು. ನೀರಿನ ತೆಳುಪದರವಾದರೂ ಇಲ್ಲದಿದ್ದರೆ ಈ ಸಂಯೋಗವು ನಡೆಯಲಾರದು. ಸಂಯೋಗವಾದ ಮೇಲೆ ಹುಟ್ಟುವದೇ ನಾವು ನೋಡುವ ಜರಿಗಿಡ. ಅಜ್ಜನು ಒಂದು ರೂಪ, ಮಗನು ಇನ್ನೊಂದು ರೂಪ, ಮೊಮ್ಮಗನು ಮತ್ತೆ ಅಜ್ಜನ ರೂಪ ಎಂಬಂತೆ ಸಾಗುವ ಈ ಕ್ರಮವನ್ನು ಜರ್ಮನಿಯ ಹೋಫ್‌ಮೈಸ್ಟರ್ ಎಂಬ ವಿದ್ವಾಂಸನು 1851ರಲ್ಲಿ ಬೆಳಕಿಗೆ ತಂದನು.

ಬೇರಲ್ಲ, ಕಾಂಡ

ಗೌಡರು ಬೇರೆಂದು ತಿಳಿದು ತಂದ ತುಂಡು ನಿಜವಾಗಿ ಬೇರಲ್ಲ. ಅದು ನೆಲದೊಳಗೆ ಅಡ್ಡಲಾಗಿ ಹರಿಯುವ ಕಾಂಡ. ಬ್ರೇಕನ್ ಜರಿಯ ಬಲವೆಲ್ಲ ಇಲ್ಲಿಯೇ ಇದೆ. ಈ ಭೂಗತ ಕಾಂಡದಲ್ಲಿ ಎರಡು ಬಗೆಯ ಕವಲುಗಳಿರುವವು. ಉದ್ದವಾದ ದಪ್ಪ ಕವಲುಗಳು ಆಳದಲ್ಲಿ ಹರಿಯುತ್ತ ಪಿಷ್ಟವನ್ನು ಕೂಡಿಡುವವು; ಗಿಡ್ಡವಾದ ಕವಲುಗಳು ಮೇಲ್ಮಣ್ಣಿನ ಸಮೀಪದಲ್ಲಿದ್ದು ಎಲೆಗಳನ್ನು ಹೊರಡಿಸುವವು. ಎಳೆಯ ಎಲೆಯು ಪಿಟೀಲಿನ ತಲೆಯಂತೆ ಸುರುಳಿ ಸುತ್ತಿಕೊಂಡು ನೆಲವನ್ನು ಸೀಳಿ ಬಂದು ಮೆಲ್ಲಗೆ ಬಿಚ್ಚಿಕೊಳ್ಳುವದು. ಬೆಳೆದ ಎಲೆಯು ಮೂರರಿಂದ ಆರು ಅಡಿ ಎತ್ತರವಾಗುವದುಂಟು.

ಮೇಲೆ ಬೆಂಕಿ ಬಿದ್ದು ಎಲೆಯೆಲ್ಲ ಸುಟ್ಟರೂ ಆಳದ ಕಾಂಡಕ್ಕೆ ಬಿಸಿ ತಾಗುವದಿಲ್ಲ. ಬೆಂಕಿಯು ಎದುರಾಳಿಗಳಾದ ಹುಲ್ಲು ಪೊದೆಗಳನ್ನು ಸುಟ್ಟು ಇದಕ್ಕೆ ದಾರಿ ಬಿಡಿಸಿಕೊಡುವದು. ಗೌಡರು ಗುಡ್ಡದಲ್ಲಿ ಕಂಡ ಹಸಿರಿನ ಗುಟ್ಟು ಇದೇ. ಒಂದು ಬೀಜಕದಿಂದ ಹುಟ್ಟಿದ ಒಂದೇ ಗಿಡವು ಕಾಂಡದ ಮೂಲಕ ಹಬ್ಬುತ್ತ ಹಬ್ಬುತ್ತ ನೂರಾರು ಮೀಟರು ವ್ಯಾಪಿಸಿ, ನೂರಾರು ವರ್ಷ ಬಾಳಿದ ಉದಾಹರಣೆಗಳನ್ನು ಫಿನ್‌ಲೆಂಡ್ ದೇಶದಲ್ಲಿ ಗುರುತಿಸಿರುವರು.

ಇಂಥ ಗಟ್ಟಿ ಗಿಡವು ನಮ್ಮ ಎರೆಯ ಸೀಮೆಗೆ ಏಕೆ ಬರಲಿಲ್ಲ? ಇದಕ್ಕೆ ಹುಳಿಗುಣದ, ನೀರು ಬಸಿದುಹೋಗುವ, ಆಳವಾದ ಸಡಿಲ ಮಣ್ಣು ಬೇಕು. ಹಸಿ ಹವೆಯೂ ಬೇಕು. ನಮ್ಮ ಕಪ್ಪು ಮಣ್ಣಾದರೋ ಸುಣ್ಣ ಬೆರೆತು ಕ್ಷಾರಗುಣದಿಂದ ಕೂಡಿದುದು. ಮಳೆಯಲ್ಲಿ ಅಂಟಾಗಿ ನೀರು ಹಿಡಿದು ನಿಲ್ಲುವದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಿರಿಯುವದು. ಆದುದರಿಂದ ಬಾಬಾಬುಡನ್ ಗಿರಿಯ ಗಿಡವನ್ನು ಭೀಮಾತೀರದ ಬದುವಿನ ಮೇಲೆ ನೆಟ್ಟರೆ ಅದು ಬದುಕುವ ಸಂಭವವೇ ಕಡಿಮೆ. ಹಾಗೊಂದು ವೇಳೆ ತೋಟದ ತಂಪಿನಲ್ಲಿ ಬದುಕಿದರೂ ಅದರಿಂದ ಲಾಭಕ್ಕಿಂತ ಅಪಾಯವೇ ಹೆಚ್ಚು.

ದನಗಳಿಗೆ ವಿಷ

ಬ್ರೇಕನ್ ಜರಿಯು ಪಶುಗಳಿಗೆ ವಿಷವಾದುದು. ಇದರಲ್ಲಿ ಎರಡು ಬಗೆಯ ಕೇಡುಂಟು. ಮೊದಲನೆಯದು ಥಯಾಮಿನೇಸ್ ಎಂಬ ಕಿಣ್ವ. ಇದು ಬಿ-1 ಜೀವಸತ್ವವಾದ ಥಯಾಮಿನ್ನನ್ನು ಒಡೆದು ನಾಶಮಾಡುವದು. ಆ ಜೀವಸತ್ವದ ಕೊರತೆಯಿಂದ ಕುದುರೆಗಳು ಕಾಲು ತಡವರಿಸಿ, ತೂರಾಡಿ, ಬಿದ್ದು ಸಾಯುವವು. ಮೆಲುಕು ಹಾಕುವ ಪಶುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಸತ್ವವನ್ನು ತಾವೇ ತಯಾರಿಸುವದರಿಂದ ಎತ್ತು ಆಕಳುಗಳಿಗೆ ಈ ಬಾಧೆಯು ಕುದುರೆಗಳಷ್ಟು ಬೇಗನೆ ತಟ್ಟುವದಿಲ್ಲ.

ಎರಡನೆಯ ಕೇಡು ಟ್ಯಾಕ್ವಿಲೋಸೈಡ್ ಎಂಬ ಪದಾರ್ಥದಿಂದ ಬರುವದು. ಇದನ್ನು 1983ರಲ್ಲಿ ಜಪಾನ್ ಮತ್ತು ನೆದರ್‌ಲೆಂಡ್ಸ್ ದೇಶಗಳ ವಿಜ್ಞಾನಿಗಳು ಬೇರೆಬೇರೆಯಾಗಿ ಪ್ರತ್ಯೇಕಿಸಿ ತೋರಿಸಿದರು. ದನಗಳು ಕೆಲವು ವಾರಗಳವರೆಗೆ ಈ ಸೊಪ್ಪನ್ನು ಬಹಳವಾಗಿ ಮೇಯ್ದರೆ ಎಲುಬಿನೊಳಗಿನ ರಕ್ತ ಹುಟ್ಟುವ ಮಜ್ಜೆಯು ಕೆಟ್ಟು, ಜ್ವರ ಬಂದು, ಮೂಗು ಮತ್ತು ಕರುಳುಗಳಿಂದ ರಕ್ತ ಒಸರುವದು. ಕಡಿಮೆ ಪ್ರಮಾಣದಲ್ಲಿ ವರ್ಷಗಟ್ಟಲೆ ಮೇಯ್ದರೆ ಮೂತ್ರಕೋಶದಲ್ಲಿ ಗಡ್ಡೆಗಳು ಬೆಳೆದು ಮೂತ್ರದಲ್ಲಿ ರಕ್ತ ಹೋಗುವದು. ಹಿಮಾಲಯದ ತಪ್ಪಲು ಹಾಗೂ ನೀಲಗಿರಿಯಂಥ ಬೆಟ್ಟದ ಸೀಮೆಗಳಲ್ಲಿ ದನಗಳ ಈ ರಕ್ತಮೂತ್ರ ರೋಗವು ಪರಿಚಿತವಾದುದೇ. ಈ ವಿಷವು ಹಾಲಿನಲ್ಲಿಯೂ ಇಳಿದುಬರುವದೆಂಬದು ಮನೆಯಲ್ಲಿ ಮಕ್ಕಳಿರುವವರು ಲಕ್ಷ್ಯದಲ್ಲಿಡಬೇಕಾದ ಮಾತು. ಸೊಪ್ಪನ್ನು ಒಣಗಿಸಿದ ಮಾತ್ರಕ್ಕೆ ಅದು ನಿರ್ವಿಷವಾಗುವದಿಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಎಡೆಯಾಗಬಾರದು. ನಮ್ಮ ಮೂರು ತಾಲೂಕುಗಳಲ್ಲಿ ಒಂದು ಎತ್ತಿನ ಮೂತ್ರವು ಕೆಂಪಾಗಿ ಕಂಡರೆ ಅದಕ್ಕೆ ಜರಿಗಿಡವು ಕಾರಣವೆಂದು ಹೇಳಲಾಗದು, ಏಕೆಂದರೆ ಆ ಗಿಡವೇ ಇಲ್ಲಿ ಇಲ್ಲ. ಉಣ್ಣಿಗಳ ಕಡಿತದಿಂದ ಹರಡುವ ಜ್ವರದಲ್ಲಿಯೂ ಮೂತ್ರವು ಕೆಂಪಾಗುವದು. ಅದಕ್ಕೆ ಔಷಧಿಯುಂಟು, ಆದರೆ ತಡಮಾಡಿದರೆ ಪಶುವು ಕೈಬಿಟ್ಟು ಹೋಗುವದು. ಆದುದರಿಂದ ತತ್‌ಕ್ಷಣ ಪಶುವೈದ್ಯರಿಗೆ ತೋರಿಸತಕ್ಕದ್ದು.

ಹಾಗಾದರೆ ನಮಗೆ ಈ ಗಿಡದ ಗೊಡವೆ ಏತಕ್ಕೆ? ಬರಗಾಲದಲ್ಲಿ ಮೇವು ದೂರದ ಸೀಮೆಗಳಿಂದ ಬರುವದುಂಟು. ಘಟ್ಟದ ಕಡೆಯ ಒಣಹುಲ್ಲನ್ನು ಕೊಂಡಾಗ ಹೊರೆ ಬಿಚ್ಚಿ, ಕಂದುಬಣ್ಣಕ್ಕೆ ತಿರುಗಿದ ಹಕ್ಕಿರೆಕ್ಕೆಯಂಥ ಎಲೆಗಳು ಅದರಲ್ಲಿ ಇವೆಯೋ ಎಂದು ನೋಡಿ ಆರಿಸಿ ತೆಗೆಯುವದು ಜಾಣತನ. ಹಸಿದ ಎತ್ತು ಆರಿಸಿ ತಿನ್ನುವದಿಲ್ಲ. ಆರಿಸುವ ಕೆಲಸವು ಒಡೆಯನದು. ಕೊಡಗಿನಲ್ಲಿ ಜರಿಯ ಎಳೆಯ ಸುರುಳಿಗಳನ್ನು ಪಲ್ಯ ಮಾಡಿ ಉಣ್ಣುವರೆಂದು ಕೇಳಿದವರು, ಆ ಪಲ್ಯದ ಜರಿಯು ಬೇರೆ ಜಾತಿಯದೆಂಬದನ್ನು ತಿಳಿದಿರಬೇಕು.

ನಮ್ಮ ಸೀಮೆಯ ಜರಿಗಳು

ನಮ್ಮಲ್ಲಿ ಜರಿಗಿಡಗಳೇ ಇಲ್ಲವೆಂದು ತಿಳಿಯಬಾರದು. ಹಳೆಯ ಭಾವಿಗಳ ಒಳಗೋಡೆಯಲ್ಲಿ, ನೀರು ಜಿನುಗುವ ಕಲ್ಲಿನ ಸಂದುಗಳಲ್ಲಿ, ಕಪ್ಪು ಕೂದಲೆಳೆಯಂಥ ತೊಟ್ಟಿನ ಮೇಲೆ ಚಿಕ್ಕ ಎಲೆಗಳನ್ನು ಬಿಟ್ಟು ತೂಗಾಡುವ ಗಿಡವು ಜರಿಯೇ. ಹಂಸಪದಿ ಎಂದು ವೈದ್ಯರು ಕರೆಯುವದು ಇದರ ಒಡಹುಟ್ಟನ್ನು. ಒಣ ಸೀಮೆಯ ಬಂಡೆಗಳ ಬಿರುಕಿನಲ್ಲಿಯೂ ಪಾಳುಗೋಡೆಗಳಲ್ಲಿಯೂ ನವಿಲಿನ ಜುಟ್ಟಿನಂತೆ ನಿಲ್ಲುವ ಮಯೂರಶಿಖೆಯೂ ಜರಿಯೇ. ಇದು ಬೇಸಿಗೆಯಲ್ಲಿ ಸತ್ತಂತೆ ಮುದುಡಿಕೊಂಡು, ಮೊದಲ ಮಳೆಗೆ ಮತ್ತೆ ಹಸಿರಾಗುವದು.

ಆದರೆ ರೈತನು ವಿಶೇಷವಾಗಿ ಅರಿಯಬೇಕಾದವು ನೀರಿನ ಜರಿಗಳು ಎರಡು. ಒಂದು ಎಚ್ಚರಿಕೆಗೆ, ಇನ್ನೊಂದು ಲಾಭಕ್ಕೆ.

ಮೊದಲನೆಯದು ಮಾರ್ಸಿಲಿಯ. ಇದೇ ಆಯುರ್ವೇದದ ಸುನಿಷಣ್ಣಕವು. ಒಂದೇ ತೊಟ್ಟಿನ ತುದಿಗೆ ನಾಲ್ಕು ಎಲೆಗಳು ಕೂಡಿಕೊಂಡು ಹೂವಿನಂತೆ ಹರಡಿರುವದೇ ಇದರ ಗುರುತು. ಕೆರೆಯಂಗಳ, ಕಾಲುವೆಯ ಬಸಿನೀರು, ನೆಲ್ಲಿನ ಗದ್ದೆ, ಹಿನ್ನೀರಿನ ಅಂಚು ಇವು ಇದರ ನೆಲೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ಬಂದ ಜೇವರ್ಗಿಯ ಭಾಗದಲ್ಲಿಯೂ, ಆಳಂದದ ಅಮರ್ಜಾ ಜಲಾಶಯದ ಅಂಚಿನಲ್ಲಿಯೂ, ಅಫಜಲಪುರದ ಭೀಮಾತೀರದ ತಗ್ಗುಗಳಲ್ಲಿಯೂ ಇಂಥ ನೆಲವುಂಟು. ನೀರು ಬತ್ತುವಾಗ ಇದು ತೊಟ್ಟಿನ ಬುಡದಲ್ಲಿ ಅವರೆಬೀಜದ ಆಕಾರದ, ಕಲ್ಲಿನಂತೆ ಗಟ್ಟಿಯಾದ ಕರಡಿಗೆಗಳನ್ನು ಕಟ್ಟುವದು. ಬೀಜಕಗಳೆಲ್ಲ ಅದರೊಳಗಿರುವವು. ಆ ಕರಡಿಗೆಯು ಒಣ ಮಣ್ಣಿನಲ್ಲಿ ಹಲವು ವರ್ಷಗಳು ಸುಮ್ಮನೆ ಮಲಗಿದ್ದು, ತೊಗಟೆ ಸವೆದು ನೀರು ತಾಗಿದಾಗ ಒಡೆದು ಮೊಳೆಯುವದು. “ಕಿತ್ತು ಹಾಕಿದ್ದೆವು, ಮತ್ತೆ ಹೇಗೆ ಬಂದಿತು?” ಎಂದು ಗದ್ದೆಯವರು ಕೇಳುವದಕ್ಕೆ ಉತ್ತರವು ಇದೇ.

ಈ ಕುಲದಲ್ಲಿಯೂ ಬ್ರೇಕನ್ನಿನಲ್ಲಿರುವ ಥಯಾಮಿನೇಸ್ ಕಿಣ್ವವುಂಟು. ಆಸ್ಟ್ರೇಲಿಯಾದಲ್ಲಿ ನಾರ್ಡೂ ಎಂಬ ಹೆಸರಿನ ಮಾರ್ಸಿಲಿಯವನ್ನು ಹೆಚ್ಚಾಗಿ ಮೇಯ್ದ ಕುರಿಗಳು ಬುದ್ಧಿಗೆಟ್ಟಂತಾಗಿ, ತೂರಾಡಿ ಸತ್ತಿರುವವು. ಮನುಷ್ಯರ ಕಥೆಯೂ ಒಂದುಂಟು. 1861ರಲ್ಲಿ ಆ ಖಂಡವನ್ನು ದಾಟಿ ಹಿಂತಿರುಗುತ್ತಿದ್ದ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಆಹಾರ ತೀರಿ ನಾರ್ಡೂ ಕರಡಿಗೆಗಳ ಹಿಟ್ಟನ್ನು ಉಂಡರು. ಹೊಟ್ಟೆ ತುಂಬಿದರೂ ಕಾಲಿನ ಬಲ ಉಡುಗುತ್ತ ಹೋಗಿ ಇಬ್ಬರೂ ತೀರಿಕೊಂಡರು. ಅಲ್ಲಿನ ಮೂಲನಿವಾಸಿಗಳು ಅದೇ ಕರಡಿಗೆಯನ್ನು ತಮ್ಮ ಪರಂಪರೆಯ ರೀತಿಯಲ್ಲಿ ಹದಮಾಡಿ ಉಣ್ಣುತ್ತಿದ್ದುದರಿಂದ ಅವರಿಗೆ ಬಾಧೆಯಿರಲಿಲ್ಲ. ಹದವನ್ನು ಅರಿಯದೆ ಉಂಡುದೇ ಅವರ ಮರಣಕ್ಕೆ ಒಂದು ಕಾರಣವೆಂದು ಇಂದಿನ ಹಲವು ತಜ್ಞರ ಅಭಿಪ್ರಾಯ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವೆನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ, ಬತ್ತಿದ ಕೆರೆಯಲ್ಲಿ ಕುರಿ ಬಿಟ್ಟುಕೊಂಡಿದ್ದ ಹಿರಿಯ ಕುರುಬರೊಬ್ಬರು ಈ ನಾಲ್ಕೆಲೆಯ ಸೊಪ್ಪನ್ನು ಕಿತ್ತು ತೋರಿಸಿ, “ಇದು ಕುರಿಗಿ ಒಳ್ಳೇದೇನ್ರಿ ಸಾಹೇಬ್ರ?” ಎಂದು ಕೇಳಿದ್ದರು. ನಾನು ಗಾಡಿಯಿಂದ ಇಳಿಯದೆಯೇ “ಹಸಿರೆಲ್ಲ ಮೇವೇ” ಎಂದು ಹೇಳಿ ಮುಂದೆ ಹೋದೆನು. ಅವರು ಸುಮ್ಮನೆ ಕೇಳಿರಲಿಲ್ಲ. ಸುತ್ತಲೂ ಬೇರೆ ಹಸಿರೇ ಇರಲಿಲ್ಲ. ಆ ಕುರಿಗಳಿಗೆ ಏನಾಯಿತೆಂದು ವಿಚಾರಿಸಲು ನಾನು ಮತ್ತೆ ಹೋಗಲೂ ಇಲ್ಲ. ಇಂದಾದರೆ ಇಳಿದು ನೋಡಿ ಹೀಗೆ ಹೇಳುತ್ತಿದ್ದೆನು: ಬೇರೆ ಹುಲ್ಲಿನ ಜೊತೆ ನಾಲ್ಕು ಬಾಯಿ ತಿಂದರೆ ಅಂಜಿಕೆಯಿಲ್ಲ, ಆದರೆ ಹಸಿದ ಹಿಂಡನ್ನು ಇದೊಂದೇ ಸೊಪ್ಪಿನ ಮೇಲೆ ದಿನಗಟ್ಟಲೆ ನಿಲ್ಲಿಸಬಾರದು. ಕುರಿಯು ತಲೆ ಮೇಲೆತ್ತಿ ನಡುಗಿದರೆ, ಕಣ್ಣು ಕಾಣದಂತೆ ನಡೆದರೆ, ಕಾಲು ತಪ್ಪಿದರೆ ಹಿಂಡನ್ನು ಕೂಡಲೆ ಅಲ್ಲಿಂದ ಎಬ್ಬಿಸಿ ಪಶುವೈದ್ಯರನ್ನು ಕರೆಯಿಸಬೇಕು. ಥಯಾಮಿನ್ ಸೂಜಿಮದ್ದು ಸಕಾಲದಲ್ಲಿ ದೊರೆತರೆ ಇಂಥ ಪಶು ಉಳಿಯುವ ಆಶೆಯುಂಟು.

ಉಪಕಾರಿಯಾದ ಜರಿ

ಎರಡನೆಯ ನೀರಿನ ಜರಿಯು ಅಜೋಲ. ನೀರಿನ ಮೇಲೆ ತೇಲುವ ಈ ಸಣ್ಣ ಗಿಡದ ಎಲೆಯೊಳಗಿನ ಪೊಟರೆಯಲ್ಲಿ ಅನಬೀನ ಎಂಬ ನೀಲಿಹಸಿರು ಸೂಕ್ಷ್ಮಜೀವಿಯು ವಾಸಿಸುತ್ತ ಗಾಳಿಯ ಸಾರಜನಕವನ್ನು ಹಿಡಿದುಕೊಡುವದು. ತೊಗರಿಯ ಬೇರಿನ ಗಂಟುಗಳು ಮಾಡುವ ಕೆಲಸವೇ ಇದು. ಆದುದರಿಂದ ಅಜೋಲವು ನೆಲ್ಲಿನ ಗದ್ದೆಗೆ ಹಸಿರುಗೊಬ್ಬರವೂ, ಪಶುಗಳಿಗೆ ಸಾರವುಳ್ಳ ಆಹಾರವೂ ಆಗಿದೆ. ಒಣಗಿಸಿದ ಅಜೋಲದಲ್ಲಿ ನೂರಕ್ಕೆ 20ರಿಂದ 25ರಷ್ಟು ಸಸಾರಜನಕವಿರುವದು.

ಇದನ್ನು ಮನೆಯ ಹಿತ್ತಿಲಲ್ಲಿ ಬೆಳೆಸುವ ಕ್ರಮವು ಸುಲಭವಾದುದು. ಎರಡು ಮೀಟರು ಉದ್ದ, ಎರಡು ಮೀಟರು ಅಗಲ, 20 ಸೆಂಟಿಮೀಟರು ಆಳದ ತೊಟ್ಟಿ ಮಾಡಿ ತಾಡಪತ್ರಿ ಹಾಸಬೇಕು. ಜರಡಿ ಹಿಡಿದ ಮಣ್ಣು 10ರಿಂದ 15 ಕಿಲೋ ಹರಡಿ, ಎರಡು ಕಿಲೋ ಸೆಗಣಿ ಮತ್ತು 30 ಗ್ರಾಮು ಸೂಪರ್ ಫಾಸ್ಫೇಟನ್ನು 10 ಲೀಟರು ನೀರಿನಲ್ಲಿ ಕಲಸಿ ಸುರಿದು, ನೀರು 10 ಸೆಂಟಿಮೀಟರಿಗೆ ಏರುವಂತೆ ತುಂಬಬೇಕು. ಅನಂತರ ಅರ್ಧದಿಂದ ಒಂದು ಕಿಲೋ ಶುದ್ಧವಾದ ಅಜೋಲವನ್ನು ಬಿಟ್ಟರೆ ಹತ್ತು ಹದಿನೈದು ದಿನಗಳಲ್ಲಿ ತೊಟ್ಟಿ ತುಂಬುವದು. ಆಮೇಲೆ ದಿನಕ್ಕೆ ಅರ್ಧ ಕಿಲೋದಷ್ಟು ತೆಗೆಯಬಹುದು. ಐದು ದಿನಗಳಿಗೊಮ್ಮೆ ಒಂದು ಕಿಲೋ ಸೆಗಣಿ ಮತ್ತು 20 ಗ್ರಾಮು ಸೂಪರ್ ಫಾಸ್ಫೇಟನ್ನು ಕೊಡಬೇಕು. ತೆಗೆದ ಅಜೋಲವನ್ನು ಸೆಗಣಿಯ ವಾಸನೆ ಹೋಗುವಂತೆ ತೊಳೆದು, ಹಿಂಡಿ ಬೂಸಾದೊಡನೆ ಕಲಸಿ ಹಾಕತಕ್ಕದ್ದು. ನಮ್ಮ ಸೀಮೆಯ 40 ಡಿಗ್ರಿಗೂ ಮೀರುವ ಬೇಸಿಗೆಯನ್ನು ಇದು ಬಿಸಿಲಿನಲ್ಲಿ ತಾಳದು. ಬೇವಿನ ಮರದ ನೆರಳಾಗಲಿ ನೆರಳುಬಲೆಯಾಗಲಿ ಬೇಕೇ ಬೇಕು. ಬೀಜದ ಅಜೋಲಕ್ಕೂ ಸಲಹೆಗೂ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಜರಿಯಿಂದ ಕಲಿಯುವ ಪಾಠ

ಘಟ್ಟದ ಜರಿಯು ನಮ್ಮ ಹೊಲದಲ್ಲಿ ಇಲ್ಲದಿದ್ದರೂ ಅದರ ಯುಕ್ತಿಯನ್ನು ಬಲ್ಲ ಕಳೆಗಳು ಇಲ್ಲಿ ಇವೆ. ಕರಿಕೆಯ ನೆಲದೊಳಗಿನ ಕಾಂಡ, ಜೇಕಿನ ಗಡ್ಡೆ ಇವೆಲ್ಲವೂ ಅದೇ ಕೂಡಿಟ್ಟ ಪಿಷ್ಟದ ಉಗ್ರಾಣಗಳು. ಬ್ರೇಕನ್ನನ್ನು ಅಡಗಿಸುವ ದೇಶಗಳಲ್ಲಿ ಎಲೆಯು ಪೂರ್ಣವಾಗಿ ಬಿಚ್ಚುವ ಹೊತ್ತಿಗೆ ಕಡಿಯುವರು. ಏಕೆಂದರೆ ಆಗ ಉಗ್ರಾಣದ ಪಿಷ್ಟವು ಎಲೆಗೆ ಖರ್ಚಾಗಿ, ಎಲೆಯಿಂದ ಇನ್ನೂ ಮರಳಿ ಬಂದಿರುವದಿಲ್ಲ. ಹೀಗೆ ಒಂದೇ ವರ್ಷದಲ್ಲಿ ಎರಡು ಸಲ, ಹಲವು ವರ್ಷ ಬಿಡದೆ ಕಡಿದರೆ ಕಾಂಡವು ಬಡವಾಗುವದು. ಕರಿಕೆಗೂ ಈ ತತ್ವವೇ ಸರಿ. ಬೇಸಿಗೆಯ ಉರಿಬಿಸಿಲಿನಲ್ಲಿ ಆಳವಾಗಿ ಉತ್ತು, ಮೇಲೆ ಬಂದ ಕಾಂಡಗಳನ್ನು ಆರಿಸಿ ಒಣಗಿಸಿ ಹೊಲದ ಹೊರಗೆ ಹಾಕಬೇಕು. ಉಳಿದುದು ಮತ್ತೆ ಚಿಗುರಿದಾಗ ಕುಂಟೆ ಹೊಡೆಯುವದನ್ನು ತಪ್ಪಿಸಬಾರದು. ಒಮ್ಮೆ ಹರಗಿ ಕೈಬಿಟ್ಟರೆ, ತುಂಡಾದ ಒಂದೊಂದು ಗಣ್ಣೂ ಒಂದೊಂದು ಗಿಡವಾಗಿ ಕಳೆಯನ್ನು ನಾವೇ ಬಿತ್ತಿದಂತಾಗುವದು.

ಬದುವಿನ ಮಣ್ಣು ಹಿಡಿಯಲು ಹೊರಸೀಮೆಯ ಜರಿಯನ್ನು ಹುಡುಕುವ ಅವಶ್ಯವಿಲ್ಲ. ಲಾವಂಚವೂ, ದನಗಳು ತಿನ್ನುವ ಮೇವಿನ ಹುಲ್ಲುಗಳೂ ಆ ಕೆಲಸವನ್ನು ಮಾಡುವವು.

ಆಳಂದದ ಗೌಡರು ಈ ಮಾತುಗಳನ್ನೆಲ್ಲ ಕೇಳಿ, ಆ ಎರಡು ಎಲೆಗಳನ್ನೂ ಕಾಂಡದ ತುಂಡನ್ನೂ ತಮ್ಮ ಕೈಯಾರೆ ಒಲೆಗೆ ಹಾಕಿದರು. ಅನಂತರ, “ನನಗ ಹೇಳಿದ್ರಿ, ಛಲೋ ಆತು. ಕೆರ್ಯಾಗ ಕುರಿ ಬಿಡೋರಿಗಿ ಯಾರು ಹೇಳೋರು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನವನ್ನು ಬರೆದುದು. ಊರ ಗೌಡರೂ, ಹಿರಿಯರೂ, ಜಮೀನುದಾರರೂ ಇದನ್ನು ತಾವು ಓದಿಕೊಂಡು ಬದಿಗಿಡದೆ, ಅಗಸಿಯ ಕಟ್ಟೆಯ ಮೇಲೆ ಕುರಿ ದನ ಕಾಯುವವರನ್ನು ಕೂಡಿಸಿ ಓದಿ ಹೇಳಬೇಕೆಂದೂ, ನಾಲ್ಕೆಲೆಯ ಸೊಪ್ಪನ್ನು ಕಿತ್ತು ಕೈಯಲ್ಲಿ ಹಿಡಿದು ತೋರಿಸಬೇಕೆಂದೂ ಪ್ರಾರ್ಥಿಸುವೆನು. ಬೇಸಿಗೆಯು ಬರುವದಕ್ಕೆ ಮೊದಲೇ ಇದು ನಡೆದರೆ ಒಳ್ಳೇದು.